ಸಿಸ್ಟರ್, ಆ ಕಲೆಯನ್ನು ಬರೆದಿಡಿ

ಕರ್ನಾಟಕದ ಆಸ್ಪತ್ರೆಗಳಲ್ಲಿ, ಹಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ, ವೃದ್ಧಾಶ್ರಮಗಳಲ್ಲಿ, ರೋಗಿಗಳ ಮನೆಗಳಲ್ಲಿ ದುಡಿಯುತ್ತಿರುವ ಎಲ್ಲ ನರ್ಸ್‌ಗಳಿಗೆ,

2025ರ ಮಾರ್ಚ್‌ನಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಒಂದು ಲೆಕ್ಕವನ್ನು ನಾಡಿನ ಮುಂದಿಟ್ಟರು. ಹೆತ್ತವರನ್ನು ಆಸ್ಪತ್ರೆಯಲ್ಲಿ ಬಿಟ್ಟುಹೋದ ಪ್ರಕರಣಗಳು ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೊಂದರಲ್ಲೇ 150 ದಾಟಿದ್ದವು. ರಾಜ್ಯದ ಉಳಿದ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಲ್ಲಿ ಇನ್ನೂ ನೂರಕ್ಕೂ ಹೆಚ್ಚು. ಇಂಥ ಮಕ್ಕಳ ಹೆಸರಿಗೆ ಬರೆದ ಉಯಿಲು, ಆಸ್ತಿ ವರ್ಗಾವಣೆಗಳು ರದ್ದಾಗುವಂತೆ ಉಪವಿಭಾಗಾಧಿಕಾರಿಗಳಿಗೆ ದೂರು ಕೊಡಿ ಎಂದು ಸಂಸ್ಥೆಗಳ ಮುಖ್ಯಸ್ಥರಿಗೆ ಸೂಚನೆ ಹೋಯಿತು. ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ ಚರ್ಚೆ ಆದದ್ದು ಆಸ್ತಿಯ ಬಗ್ಗೆ, ಇಂದಿನ ಮಕ್ಕಳ ಬಗ್ಗೆ. ಆ ನೂರೈವತ್ತು ಜನರ ಹಾಸಿಗೆ ಬದಲಿಸಿದವರು, ತುತ್ತು ತಿನ್ನಿಸಿದವರು, 'ನನ್ನ ಮಗ ಎಷ್ಟು ಹೊತ್ತಿಗೆ ಬರ್ತಾನೆ' ಎಂಬ ಪ್ರಶ್ನೆಗೆ ದಿನವೂ ಏನಾದರೊಂದು ಉತ್ತರ ಹುಡುಕಿದವರು ಆ ಚರ್ಚೆಯಲ್ಲಿ ಎಲ್ಲೂ ಕಾಣಲಿಲ್ಲ.

ಬಿಟ್ಟುಹೋಗುವುದು ಕೊನೆಯ ಹಂತ. ಅದಕ್ಕೆ ಮೊದಲು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬಯ್ಗುಳ, ಹಸಿವು, ತಳ್ಳಾಟ, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಎಲ್ಲ ನಡೆದುಹೋಗಿರುತ್ತದೆ. ಆ ಅವಧಿಯಲ್ಲೂ ಆ ಅಜ್ಜ ಅಥವಾ ಅಜ್ಜಿ ಎರಡು-ಮೂರು ಸಲ ಆಸ್ಪತ್ರೆಗೆ ಬಂದಿರುತ್ತಾರೆ: ಒಮ್ಮೆ ಬಿದ್ದು, ಒಮ್ಮೆ ಸಕ್ಕರೆ ಏರಿ, ಒಮ್ಮೆ ಮೂತ್ರದ ಸೋಂಕಾಗಿ. ಬಂದಾಗಲೆಲ್ಲ ಯಾರೋ ಒಬ್ಬ ನರ್ಸ್ ಅವರ ಮೈ ಮುಟ್ಟಿರುತ್ತಾರೆ. ಈ ಪತ್ರ ಇರುವುದು ಆ ಹಿಂದಿನ ಭೇಟಿಗಳ ಬಗ್ಗೆ.

ಮನೆಯೊಳಗೆ ನರಳುವ ಮುದುಕರ ಲೋಕ ಬಹಳ ಚಿಕ್ಕದು. ನೆಂಟರು ಬಂದರೆ ಪಕ್ಕದಲ್ಲಿ ಮಗ ಕೂತಿರುತ್ತಾನೆ. ಫೋನ್ ಸೊಸೆಯ ಕೈಯಲ್ಲಿರುತ್ತದೆ, ಬ್ಯಾಂಕಿನ ಪಾಸ್‌ಬುಕ್ ಮೊಮ್ಮಗನ ಬ್ಯಾಗಿನಲ್ಲಿರುತ್ತದೆ. ವೈದ್ಯರು ರೌಂಡ್ಸಿಗೆ ಬಂದಾಗಲೂ 'ಏನಮ್ಮಾ, ಹೇಗಿದ್ದೀರಿ' ಎಂಬ ಪ್ರಶ್ನೆಗೆ ಉತ್ತರಿಸುವವರು ಜೊತೆಗಿದ್ದವರೇ. ರವಿಕೆಯ ತೋಳು ಮೇಲೇರಿಸಿ ಬಿ.ಪಿ. ಪಟ್ಟಿ ಸುತ್ತುವವರು, ಬೆನ್ನು ಒರೆಸುವವರು, ಕ್ಯಾತಿಟರ್ ಹಾಕುವವರು, ರಾತ್ರಿ ಎರಡು ಗಂಟೆಗೆ ನೀರು ಕುಡಿಸುವವರು ನರ್ಸ್‌ಗಳು. ಸಿಸ್ಟರ್ ಆಗಲಿ, ಬ್ರದರ್ ಆಗಲಿ, ಆ ಮುಚ್ಚಿದ ಲೋಕದೊಳಗೆ ಹೀಗೆ ಯಾರ ಅಪ್ಪಣೆಯೂ ಬೇಡದೆ ಹೋಗಬಲ್ಲ ಹೊರಗಿನವರು ಬೇರೆ ಯಾರೂ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 60 ದಾಟಿದ ಆರು ಜನರಲ್ಲಿ ಒಬ್ಬರು ವರ್ಷವೊಂದರಲ್ಲಿ ಯಾವುದಾದರೂ ಬಗೆಯ ದೌರ್ಜನ್ಯ ಅನುಭವಿಸುತ್ತಾರೆ. ನಮ್ಮ ದೇಶದಲ್ಲಿ 2017-18ರಲ್ಲಿ ನಡೆದ ವೃದ್ಧಾಪ್ಯದ ದೊಡ್ಡ ಸಮೀಕ್ಷೆ 'ಲಾಸಿ'ಯಲ್ಲಿ ತಮಗೆ ಅಂಥದ್ದಾಗಿದೆ ಎಂದು ಹೇಳಿಕೊಂಡವರು ನೂರಕ್ಕೆ ಐದರಷ್ಟು ಜನ. ಇಲ್ಲಿನ ಮುದುಕರು ಅಷ್ಟು ಸುಖವಾಗಿದ್ದಾರೆ ಎಂದು ಹಿಗ್ಗುವ ಮೊದಲು ಒಂದು ಮಾತು ನೆನೆಯಬೇಕು. ಮನೆಯ ಮಾತು ಹೊರಗೆ ಹೋಗಬಾರದು ಎಂದು ಬದುಕಿಡೀ ನಂಬಿದವರು, ಅದೇ ಮನೆಯ ಜಗಲಿಯಲ್ಲಿ ಕೂತು ಸಮೀಕ್ಷೆಗೆ ಬಂದವರೆದುರು ಮಗನ ಮೇಲೆ ಬಾಯಿ ಬಿಡುವುದು ಸುಲಭವಲ್ಲ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 60 ದಾಟಿದವರು 57 ಲಕ್ಷಕ್ಕೂ ಹೆಚ್ಚಿದ್ದರು. ನೂರಕ್ಕೆ ಐದು ಎಂದಿಟ್ಟುಕೊಂಡರೂ ಅದು ಒಂದು ಇಡೀ ಪಟ್ಟಣದ ಜನಸಂಖ್ಯೆ.

ಹಾಗಾದರೆ ನೋಡಬೇಕಾದದ್ದು ಏನನ್ನು?

ಮೊದಲು ಚರ್ಮ. ವಯಸ್ಸಾದವರಿಗೆ ಸುಮ್ಮನೆ ತಾಗಿದರೂ ಕಲೆಯಾಗುತ್ತದೆ. ಆಸ್ಪಿರಿನ್, ವಾರ್ಫರಿನ್ ನುಂಗುವವರಿಗಂತೂ ಹೇಳುವುದೇ ಬೇಡ. ಹಾಗಾಗಿ ಕಲೆ ಕಂಡ ಕೂಡಲೇ ಮಗನನ್ನು ಅನುಮಾನಿಸುವಂತಿಲ್ಲ. ಇಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದವರು ಮಾಡಿದ ಎರಡು ಅಧ್ಯಯನಗಳು ಪ್ರತಿ ನರ್ಸ್‌ಗೂ ಗೊತ್ತಿರಬೇಕು. 2005ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ 65 ದಾಟಿದ 101 ಜನರ ಮೈಯನ್ನು ವಾರಗಟ್ಟಲೆ ದಿನವೂ ಪರೀಕ್ಷಿಸಿದರು. ತಾನಾಗಿಯೇ ಆದ ಕಲೆಗಳಲ್ಲಿ ಹತ್ತಿರಹತ್ತಿರ ನೂರಕ್ಕೆ 90 ಭಾಗ ಕೈಕಾಲುಗಳ ಮೇಲಿದ್ದವು. ಕುತ್ತಿಗೆ, ಕಿವಿ, ಪೃಷ್ಠ, ಜನನಾಂಗ, ಅಂಗಾಲು ಇವುಗಳ ಮೇಲೆ ಒಂದೂ ಇರಲಿಲ್ಲ. ಬಣ್ಣ ನೋಡಿ ಕಲೆ ಎಷ್ಟು ಹಳೆಯದು ಎನ್ನುವ ನಮ್ಮ ರೂಢಿಯ ಲೆಕ್ಕವೂ ಅಲ್ಲಿ ಸುಳ್ಳಾಯಿತು, ಏಕೆಂದರೆ ಕೆಲವು ಕಲೆಗಳು ಮೊದಲ ದಿನವೇ ಹಳದಿಯಾಗಿದ್ದವು. 2009ರ ಎರಡನೆಯ ಅಧ್ಯಯನ ದೌರ್ಜನ್ಯಕ್ಕೆ ಒಳಗಾದವರದು. ಅವರ ಕಲೆಗಳು ದೊಡ್ಡವು, ಎಷ್ಟೋ ಜನರಲ್ಲಿ 5 ಸೆಂಟಿಮೀಟರಿಗೂ ಮೀರಿದವು; ಮುಖ, ಬೆನ್ನು, ಬಲತೋಳಿನ ಹೊರಭಾಗದಲ್ಲಿ ಹೆಚ್ಚು.

ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೂ ಒಂದು ಸಂಗತಿ ಎದ್ದು ಕಾಣುತ್ತದೆ. ತಾನಾಗಿ ಆದ ಕಲೆ ಹೇಗಾಯಿತೆಂದು ಹೇಳಬಲ್ಲವರು ಕಾಲು ಭಾಗವೂ ಇರಲಿಲ್ಲ. ಹೊಡೆತದಿಂದ ಆದ ಕಲೆ ಹೇಗಾಯಿತೆಂದು ನೂರಕ್ಕೆ ತೊಂಬತ್ತು ಜನ ಹೇಳಿದರು, ಮರೆವಿನ ಕಾಯಿಲೆಯಿದ್ದವರು ಕೂಡ. 'ಅವರಿಗೆ ಅರಳುಮರಳು, ಏನೇನೋ ಹೇಳ್ತಾರೆ' ಎಂದು ಮನೆಯವರು ಅಂದಾಗ ಈ ಅಂಕಿಯನ್ನು ನೆನಪಿಸಿಕೊಳ್ಳಬೇಕು. ಮರೆವು ಬಂದವರ ಮಾತೆಲ್ಲ ಸುಳ್ಳಲ್ಲ.

ಹೊಡೆತಕ್ಕಿಂತ ಹೆಚ್ಚಾಗಿ ಕಾಣುವುದು ಅಲಕ್ಷ್ಯ. ಡಿಸ್ಚಾರ್ಜ್ ಆಗುವಾಗ ಹತೋಟಿಗೆ ಬಂದಿದ್ದ ಸಕ್ಕರೆ ತಿಂಗಳೊಳಗೆ 400 ದಾಟಿ ಮತ್ತೆ ಬರುತ್ತದೆ, ಬರೆದುಕೊಟ್ಟ ಇನ್ಸುಲಿನ್‌ನ ಪೆಟ್ಟಿಗೆ ಒಡೆದೇ ಇರುವುದಿಲ್ಲ. ಉಗುರು ಬಾಗಿ ಬೆರಳಿಗೆ ಚುಚ್ಚಿರುತ್ತದೆ. ಬೆನ್ನ ಕೆಳಗಿನ ಹುಣ್ಣು ಮೂಳೆ ಮುಟ್ಟಿರುತ್ತದೆ. ಕಣ್ಣಿನ ಆಪರೇಷನ್ ಆದವರ ಕನ್ನಡಕ 'ಮನೆಯಲ್ಲೇ ಮರೆತುಹೋಯಿತು', ಹಲ್ಲಿನ ಸೆಟ್ ಮೂರು ಸಲ ಬಂದಾಗಲೂ ಮನೆಯಲ್ಲೇ ಇರುತ್ತದೆ. ಒಂದೊಂದಾಗಿ ನೋಡಿದರೆ ಇವು ಬಡತನದ ಲಕ್ಷಣವೂ ಆಗಿರಬಹುದು. ಮಗಳ ಮೈಮೇಲೂ ಹರಕು ಸೀರೆಯೇ ಇದ್ದರೆ ಅದರ ಅರ್ಥ ಬೇರೆ. ಅಮ್ಮನ ಹೊಟ್ಟೆ ಬೆನ್ನಿಗಂಟಿದ್ದು, ಕರೆತಂದವರು ಕಾರಿನಿಂದ ಇಳಿದರೆ ಬೇರೆ. ಈ ವ್ಯತ್ಯಾಸ ಲ್ಯಾಬ್ ರಿಪೋರ್ಟಿನಲ್ಲಿ ಬರುವುದಿಲ್ಲ. ನರ್ಸ್‌ನ ಕಣ್ಣಿಗೆ ಮಾತ್ರ ಕಾಣುತ್ತದೆ.

ಮತ್ತೆ ಹೆಬ್ಬೆರಳು. ಎಡಗೈಯ ಹೆಬ್ಬೆರಳಿಗೆ ನೀಲಿ ಶಾಯಿ ಹತ್ತಿರುವುದು, ಸ್ಪಿರಿಟ್ ಹತ್ತಿಯಿಂದ ಒರೆಸಿದರೂ ಉಗುರಿನ ಸಂದಿಯಲ್ಲಿ ಉಳಿದಿರುವುದು ವಾರ್ಡಿನಲ್ಲಿ ದುಡಿದ ಯಾರೂ ಕಾಣದ ದೃಶ್ಯವಲ್ಲ. ಸಂಜೆಯ ಭೇಟಿಯ ಹೊತ್ತಿನಲ್ಲಿ ಯಾರೋ ಕಾಗದ ತಂದಿದ್ದಾರೆ. ಅದು ದಾನಪತ್ರವೋ, ಹಕ್ಕು ಖುಲಾಸೆಯೋ, ಬ್ಯಾಂಕಿನ ಚೀಟಿಯೋ ಅಜ್ಜಿಗೆ ಗೊತ್ತಿಲ್ಲ. ಗೊತ್ತಿದ್ದು ಒತ್ತಿರಲೂಬಹುದು, ಆಸ್ತಿ ಅವರದು, ಯಾರಿಗೆ ಬೇಕಾದರೂ ಕೊಡಲು ಅವರಿಗೆ ಹಕ್ಕಿದೆ. ಆದರೆ ಹಿಂದಿನ ರಾತ್ರಿ ಜ್ವರದಲ್ಲಿ ದಿನ ಯಾವುದೆಂದೂ ತಿಳಿಯದೆ ಕನವರಿಸಿದವರು ಮರುಸಂಜೆ ಹೆಬ್ಬೆಟ್ಟು ಒತ್ತಿದರು ಎಂದರೆ, ಆ ರಾತ್ರಿಯ ಅವರ ಅರಿವಿನ ಸ್ಥಿತಿ ಹೇಗಿತ್ತೆಂದು ನರ್ಸಿಂಗ್ ನೋಟ್ಸ್‌ನಲ್ಲಿ ಬರೆದಿರುವ ಒಂದು ಸಾಲು ಮುಂದೆ ಆ ಅಜ್ಜಿಯ ಮನೆಯನ್ನು ಉಳಿಸಬಹುದು.

ಕಂಡದ್ದನ್ನು ಕೇಳುವುದು ಕಷ್ಟದ ಕೆಲಸ. ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾರ್ಕ್ ಯಾಫಿ ಮತ್ತು ಸಂಗಡಿಗರು 2008ರಲ್ಲಿ ವೈದ್ಯರಿಗಾಗಿ ಆರು ಪ್ರಶ್ನೆಗಳ ಒಂದು ಪುಟ್ಟ ಪಟ್ಟಿ ಮಾಡಿದರು. ಐದು ರೋಗಿಗೆ ಕೇಳುವಂಥವು, ಆರನೆಯದು ನೋಡುವವರು ತಮಗೆ ತಾವೇ ಕೇಳಿಕೊಳ್ಳುವಂಥದ್ದು. ಎರಡೇ ನಿಮಿಷದ ಕೆಲಸ. ಅರಿವು ಸರಿಯಿರುವ ಹಿರಿಯರಿಗಾಗಿ ಮಾಡಿದ ಆ ಪಟ್ಟಿಯ ಸಾರವನ್ನು ನಮ್ಮ ವಾರ್ಡಿನ ಮಾತಿಗೆ ತಂದರೆ ಹೀಗಾದೀತು: ಸ್ನಾನ, ಊಟ, ಬ್ಯಾಂಕಿನ ಕೆಲಸ ಯಾರು ಮಾಡಿಕೊಡ್ತಾರೆ ಅಜ್ಜಿ? ಊಟಕ್ಕೆ, ಮಾತ್ರೆಗೆ, ಯಾರನ್ನಾದರೂ ನೋಡೋದಕ್ಕೆ ತಡೆದಿದ್ದಾರಾ? ಮನಸ್ಸು ನೋಯೋ ಹಾಗೆ, ಹೆದರೋ ಹಾಗೆ ಮಾತಾಡ್ತಾರಾ? ಬೇಡ ಅಂದರೂ ಸಹಿ ಮಾಡಿಸಿಕೊಂಡರಾ, ದುಡ್ಡು ತಗೊಂಡರಾ? ಯಾರಾದರೂ ಕೈ ಮಾಡಿದ್ದಾರಾ?

ಇದನ್ನೆಲ್ಲ ಮಗನ ಎದುರು ಕೇಳಿದರೆ ಉತ್ತರವೂ ಬರುವುದಿಲ್ಲ, ಮನೆಗೆ ಹೋದ ಮೇಲೆ ಅಜ್ಜಿಗೆ ಇನ್ನೊಂದು ಪೆಟ್ಟು ಖಚಿತ. ಅದಕ್ಕೇ ಅನುಭವಿ ಸಿಸ್ಟರ್‌ಗಳಿಗೆ ಅಟೆಂಡರನ್ನು, ಅಂದರೆ ರೋಗಿಯ ಜೊತೆಗೆ ಬಂದವರನ್ನು, ಹೊರಗೆ ಕಳಿಸುವ ದಾರಿಗಳು ಗೊತ್ತಿರುತ್ತವೆ. 'ಡ್ರೆಸ್ಸಿಂಗ್ ಬದಲಿಸಬೇಕು, ಸ್ವಲ್ಪ ಹೊರಗಿರಿ' ಎಂದು ಪರದೆ ಎಳೆದರೆ ಯಾರೂ ಆಕ್ಷೇಪಿಸುವುದಿಲ್ಲ. ಬೆಡ್‌ಪ್ಯಾನ್, ಇಸಿಜಿ, ಎಕ್ಸ್‌ರೇಗೆ ಕರೆದೊಯ್ಯುವ ಉದ್ದನೆಯ ಕಾರಿಡಾರ್ ಎಲ್ಲವೂ ಅವಕಾಶಗಳೇ. ಅಷ್ಟಾದರೂ ಒಂದು ನಿಮಿಷಕ್ಕೂ ಹೊರಗೆ ಹೋಗಲೊಪ್ಪದೆ, ಪ್ರತಿ ಪ್ರಶ್ನೆಗೂ ತಾನೇ ಉತ್ತರ ಕೊಡುವ ಅಟೆಂಡರ್ ಇದ್ದರೆ ಅದನ್ನೂ ಗಮನಿಸಬೇಕು. ಒಂದು ಎಚ್ಚರ: 'ಯಾರಿಗೂ ಹೇಳಲ್ಲ, ನನಗೆ ಹೇಳಿ' ಎಂದು ಮಾತು ಕೊಡಬೇಡಿ. ಉಳಿಸಿಕೊಳ್ಳಲಾಗದ ಮಾತು ಅದು. 'ನಿಮ್ಮನ್ನು ಕೇಳದೆ ಮನೆಯವರಿಗೆ ಹೇಳಲ್ಲ, ಡಾಕ್ಟರಿಗೆ ಹೇಳಬೇಕಾಗುತ್ತೆ' ಎನ್ನುವುದು ಪ್ರಾಮಾಣಿಕ ಮಾತು.

ಇನ್ನು ಬರೆಯುವುದು. ಈ ಪತ್ರದ ಮುಖ್ಯ ಕೋರಿಕೆ ಇದೇ. ಕೇಸ್ ಶೀಟಿನಲ್ಲಿ ಸಾಮಾನ್ಯವಾಗಿ ಇರುವುದು 'ಬಿದ್ದ ಇತಿಹಾಸ, ಮೈಮೇಲೆ ಗಾಯಗಳು' ಎಂಬಷ್ಟೇ. ಅದರಿಂದ ಯಾರಿಗೂ ಉಪಯೋಗವಿಲ್ಲ. ಬದಲಿಗೆ ಹೀಗಿದೆ ಎಂದುಕೊಳ್ಳಿ: 'ಸಂಜೆ 4.20. ಬಲ ಮೇಲ್ತೋಳಿನ ಹೊರಭಾಗದಲ್ಲಿ ನೀಲಿಗಟ್ಟಿದ ಕಲೆ, 6 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲ. ಬೆನ್ನಿನ ಎಡಭಾಗದಲ್ಲಿ ಇನ್ನೊಂದು, 5 ಸೆಂ.ಮೀ. ಕೇಳಿದಾಗ ರೋಗಿ ಹೇಳಿದ್ದು: "ಮಗ ಹಿಡಿದು ಎಳೆದ, ಗೋಡೆಗೆ ಬಿದ್ದೆ." ಆಗ ಪಕ್ಕದಲ್ಲಿ ಬೇರೆ ಯಾರೂ ಇರಲಿಲ್ಲ. ಮಗ ಹೇಳಿದ್ದು: "ಬಚ್ಚಲಲ್ಲಿ ಜಾರಿ ಬಿದ್ದರು." ಡ್ಯೂಟಿ ಡಾಕ್ಟರಿಗೆ 4.35ಕ್ಕೆ ತಿಳಿಸಲಾಗಿದೆ.' ಇದರಲ್ಲಿ ಆರೋಪವಿಲ್ಲ. 'ದೌರ್ಜನ್ಯ' ಎಂಬ ಪದವೂ ಇಲ್ಲ. ಕಂಡದ್ದು, ಕೇಳಿದ್ದು, ಹೊತ್ತು, ಅಳತೆ ಇಷ್ಟೇ ಇದೆ. ಆರು ತಿಂಗಳ ನಂತರ ಆ ಅಜ್ಜಿ ಮತ್ತೆ ಬಂದಾಗ ಬೇರೊಬ್ಬ ನರ್ಸ್ ಈ ಪುಟ ತೆರೆದರೆ ಎರಡನೆಯ ಬೀಳುವಿಕೆಯನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಡ್ಯೂಟಿ ಡಾಕ್ಟರ್ ಇದನ್ನು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ಮಾಡುವುದಾದರೆ ಆಧಾರವೂ ಇದೇ.

ಬರೆದ ಮೇಲೆ ಎಲ್ಲಿಗೆ? ಹೆತ್ತವರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ನಮ್ಮಲ್ಲಿ ಅದರ ನ್ಯಾಯಮಂಡಳಿ ಇರುವುದು ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ. ಹಿರಿಯರಿಗೆ ಸ್ವತಃ ಅರ್ಜಿ ಹಾಕಲಾಗದಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೆ ವ್ಯಕ್ತಿ ಅಥವಾ ಸಂಸ್ಥೆ ಪೋಷಣೆಗೆ ಅರ್ಜಿ ಹಾಕಬಹುದು. ನ್ಯಾಯಮಂಡಳಿ ತಾನಾಗಿಯೂ ಕೈಗೆತ್ತಿಕೊಳ್ಳಬಹುದು. ನೋಡಿಕೊಳ್ಳಬೇಕಾದವರು ಸಂಪೂರ್ಣ ಕೈಬಿಡುವ ಉದ್ದೇಶದಿಂದ ಎಲ್ಲಾದರೂ ಬಿಟ್ಟುಹೋದರೆ 24ನೆಯ ಸೆಕ್ಷನ್‌ನಂತೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು 23ನೆಯ ಸೆಕ್ಷನ್‌ನಡಿ ರದ್ದು ಮಾಡಿಸಿಕೊಳ್ಳಬಹುದು, ಆದರೆ ಹಾಗೆ ಬೇಕೆಂದು ಬರೆದುಕೊಟ್ಟವರೇ ಬಯಸಬೇಕು. ಉಯಿಲಿನ ಮಾತೇ ಬೇರೆ; ಬದುಕಿರುವವರೆಗೂ ಅದನ್ನು ಬದಲಿಸುವ ಹಕ್ಕು ಬರೆದವರ ಕೈಯಲ್ಲೇ ಇರುತ್ತದೆ. ಅಂದರೆ ಮೇಲಿನಿಂದ ಎಷ್ಟೇ ಆದೇಶ ಬಂದರೂ ಕೊನೆಗೆ ಬೇಕಾಗುವುದು ಆ ಹಿರಿಯರು ಏನು ಹೇಳಿದರು ಎಂಬುದೇ.

ಹಿರಿಯರೇ ಕೇಳಲು ಮುಂದಾದರೆ ಏನಾಗಬಹುದು ಎಂಬುದು ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಸ್ಪಷ್ಟವಾಯಿತು. ಅವರು 2019ರಲ್ಲಿ ಮಗನಿಗೆ ದಾನಪತ್ರ ಬರೆದುಕೊಟ್ಟಿದ್ದರು. ಕೊನೆಯವರೆಗೂ ನೋಡಿಕೊಳ್ಳುತ್ತೇನೆ ಎಂದು ಮಗ ಬರೆದುಕೊಟ್ಟ ಇನ್ನೊಂದು ಕಾಗದವೂ ಇತ್ತು. ನೋಡಿಕೊಳ್ಳಲಿಲ್ಲ ಎಂದು ತಾಯಿ ಹೋರಾಡಿದರು. 2025ರ ಜನವರಿ 2ರಂದು ಸುಪ್ರೀಂ ಕೋರ್ಟ್, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದು ಹೇಳಿ ದಾನಪತ್ರವನ್ನು ರದ್ದುಪಡಿಸಿತು.

ನರ್ಸ್ ವಕೀಲರಾಗಬೇಕಿಲ್ಲ. ಕೆಲವು ನಂಬರುಗಳು ಬಾಯಿಪಾಠವಾಗಿದ್ದರೆ ಸಾಕು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567. ಬೆಂಗಳೂರಿನಲ್ಲಿ ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಜೊತೆಯಾಗಿ ಆರಂಭಿಸಿದ ಹಿರಿಯರ ಸಹಾಯವಾಣಿ 1090. ಮಹಿಳೆಯರಿಗೆ 181. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಸೊಸೆಯರಿಗಷ್ಟೇ ಎಂದು ಎಷ್ಟೋ ಜನ ತಿಳಿದಿದ್ದಾರೆ. ಮಗನಿಂದ ಪೆಟ್ಟು ತಿನ್ನುವ ತಾಯಿಯೂ ಅದರ ರಕ್ಷಣೆ ಕೇಳಬಹುದು. ಜೀವಕ್ಕೆ ಅಪಾಯವಿದ್ದರೆ 112. ಈ ನಂಬರುಗಳನ್ನು ಓಪಿ ಚೀಟಿಯ ಹಿಂದೆ ಬರೆದುಕೊಡುವುದು ಮಾತ್ರ ಬೇಡ. ಚೀಟಿ ಮನೆಯಲ್ಲಿ ಮೊದಲು ಸಿಗುವುದು ಮಗನ ಕೈಗೆ.

ಇಷ್ಟೆಲ್ಲ ಆದ ಮೇಲೂ ಅಜ್ಜಿ 'ಬೇಡ ಸಿಸ್ಟರ್, ಅವನೊಬ್ಬನೇ ನನಗೆ' ಅನ್ನಬಹುದು. ಅನ್ನುವವರೇ ಹೆಚ್ಚು. ಪೊಲೀಸರು ಬಂದು ಮಗನನ್ನು ಕರೆದೊಯ್ದರೆ ರಾತ್ರಿ ತನಗೆ ಗಂಜಿ ಯಾರು ಕಾಯಿಸುತ್ತಾರೆ ಎಂಬ ಪ್ರಶ್ನೆಗೆ ನಮ್ಮ ವ್ಯವಸ್ಥೆಯಲ್ಲಿ ಉತ್ತರ ಇಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಅರಿವಿರುವ ಹಿರಿಯರು ಬೇಡ ಎಂದರೆ ಆ ಮಾತಿಗೆ ಬೆಲೆ ಕೊಡಬೇಕು, ಪ್ರಾಣಕ್ಕೇ ಕುತ್ತು ಬಂದಾಗಿನ ಮಾತು ಬೇರೆ. ಬೆಲೆ ಕೊಡುವುದೆಂದರೆ ಕೈತೊಳೆದುಕೊಳ್ಳುವುದಲ್ಲ. ಮುಂದಿನ ವಾರ ಡ್ರೆಸ್ಸಿಂಗಿಗೆ ಮತ್ತೆ ಕರೆಸಬಹುದು. ಊರಿನ ಸಮುದಾಯ ಆರೋಗ್ಯಾಧಿಕಾರಿಗೆ, ಆಶಾ ಕಾರ್ಯಕರ್ತೆಗೆ ಬಿ.ಪಿ. ನೋಡುವ ನೆಪದಲ್ಲಿ ಮನೆಗೆ ಹೋಗಿಬರಲು ಹೇಳಬಹುದು. ಹಳ್ಳಿಗಳ ಸಮುದಾಯ ಆರೋಗ್ಯಾಧಿಕಾರಿಗಳಲ್ಲಿ ಬಹಳಷ್ಟು ಜನ ನರ್ಸಿಂಗ್ ಓದಿದವರೇ ಆದ್ದರಿಂದ ಈ ಮಾತು ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರನೆಯ ಸಲ ಕೇಳಿದಾಗ ಬಾಯಿ ಬಿಡುವವರಿದ್ದಾರೆ.

ಎಲ್ಲ ಮನೆಯಲ್ಲೂ ಇರುವುದು ಕ್ರೌರ್ಯವಲ್ಲ. ಹಗಲು ಗಾರ್ಮೆಂಟ್ಸ್‌ನಲ್ಲಿ ದುಡಿದು, ರಾತ್ರಿ ಮೂರು ಸಲ ಎದ್ದು ಅತ್ತೆಯ ಬಟ್ಟೆ ಬದಲಿಸುವ ಸೊಸೆ ಒಂದು ದಿನ ಕೈಯೆತ್ತುತ್ತಾಳೆ. ಅದು ತಪ್ಪೇ. ಆದರೆ ಅವಳಿಗೆ ಬೇಕಾದದ್ದು ಠಾಣೆಯಲ್ಲ, ನಿದ್ದೆ. ಅರ್ವೈನ್‌ನ ಅದೇ ಸಂಶೋಧಕರು 2010ರಲ್ಲಿ ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವ 129 ಕುಟುಂಬಗಳನ್ನು ಅಧ್ಯಯನ ಮಾಡಿದಾಗ, ಹತ್ತಿರಹತ್ತಿರ ಅರ್ಧದಷ್ಟು ಮನೆಗಳಲ್ಲಿ ಒಂದಲ್ಲ ಒಂದು ಬಗೆಯ ಕೆಟ್ಟ ನಡವಳಿಕೆ ಕಂಡಿತು, ಹೆಚ್ಚಿನದು ಬಯ್ಗುಳ, ಗದರಿಕೆ. ಜಪಾನ್ 2006ರಲ್ಲಿ ಜಾರಿಗೆ ತಂದ ಹಿರಿಯರ ದೌರ್ಜನ್ಯ ತಡೆ ಕಾನೂನಿನ ಹೆಸರಿನಲ್ಲೇ ನೋಡಿಕೊಳ್ಳುವವರಿಗೆ ನೆರವು ಎಂಬುದೂ ಸೇರಿದೆ. ತಡೆಯುವ ಕೆಲಸ ಶುರುವಾಗುವುದು ಇಲ್ಲಿಂದ. ಬೆನ್ನು ನೋಯದ ಹಾಗೆ ರೋಗಿಯನ್ನು ಮಗ್ಗುಲು ಬದಲಿಸುವುದು ಹೇಗೆ, ಸಂಜೆ ಹೊತ್ತು ಮರೆವಿನವರ ಚಡಪಡಿಕೆ ಏಕೆ ಹೆಚ್ಚುತ್ತದೆ, ಒಂದೇ ಪ್ರಶ್ನೆಯನ್ನು ಇಪ್ಪತ್ತು ಸಲ ಕೇಳುವುದು ಹಟವಲ್ಲ ಎಂದು ಡಿಸ್ಚಾರ್ಜ್ ದಿನ ಹತ್ತು ನಿಮಿಷ ಕೂರಿಸಿ ಹೇಳಿಕೊಟ್ಟರೆ ಎಷ್ಟೋ ಪೆಟ್ಟುಗಳು ಬೀಳುವುದೇ ಇಲ್ಲ. 'ನಿಮಗೆ ನಿದ್ದೆ ಆಗ್ತಿದೆಯಾ' ಎಂದು ಆ ಸೊಸೆಯನ್ನು ಕೇಳಿದವರು ಇದುವರೆಗೆ ಯಾರೂ ಇರಲಿಕ್ಕಿಲ್ಲ.

ಇನ್ನೊಂದು ಮಾತು ಕಹಿಯಾದದ್ದು, ಹೇಳದೆ ಬಿಡುವಂತಿಲ್ಲ. ವೃದ್ಧಾಶ್ರಮ, ಆರೈಕೆ ಕೇಂದ್ರಗಳಂಥ ಸಂಸ್ಥೆಗಳ ಸಿಬ್ಬಂದಿಯಲ್ಲಿ ಮೂವರಲ್ಲಿ ಇಬ್ಬರು, ಕಳೆದ ಒಂದು ವರ್ಷದಲ್ಲಿ ತಾವೇ ಹಿರಿಯರೊಂದಿಗೆ ಒಮ್ಮೆಯಾದರೂ ಕೆಟ್ಟದಾಗಿ ನಡೆದುಕೊಂಡದ್ದನ್ನು ಒಪ್ಪಿಕೊಂಡಿದ್ದಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಳಿಗೆ ಕೀಳುತ್ತಾರೆಂದು ಗಾಜ್ ಬಟ್ಟೆಯಿಂದ ಮಂಚಕ್ಕೆ ಕೈಕಟ್ಟಿ ಪಾಳಿಯಿಡೀ ಬಿಡುವುದು, ಒದ್ದೆ ಡೈಪರನ್ನು ಬೆಳಗಿನ ಪಾಳಿಯವರಿಗೆ ಉಳಿಸುವುದು, 'ಸುಮ್ನಿರ್ತೀಯಾ ಇಲ್ವಾ' ಎಂದು ಎಂಬತ್ತರ ಮೇಷ್ಟ್ರಿಗೆ ಏಕವಚನದಲ್ಲಿ ಗದರುವುದು, ಎಲ್ಲವೂ ಇದರಲ್ಲಿ ಬರುತ್ತವೆ. ಬೋಧನಾ ಆಸ್ಪತ್ರೆಯ ವಾರ್ಡಿನಲ್ಲಿ ಮೂರು ರೋಗಿಗೆ ಒಬ್ಬ ನರ್ಸ್ ಇರಬೇಕು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ರಾತ್ರಿ ಪಾಳಿಯಲ್ಲಿ ಒಬ್ಬರೇ ಇಡೀ ವಾರ್ಡು ಓಡಾಡುವ ಕಡೆ ಸಹನೆ ಎಲ್ಲಿಂದ ಬರಬೇಕು? ಏಜೆನ್ಸಿಯ ಮೂಲಕ ಮನೆಗೆ ಹೋಗಿ, ರಜೆಯೇ ಇಲ್ಲದೆ ಹಗಲೂ ರಾತ್ರಿ ಒಬ್ಬರೇ ರೋಗಿಯ ಜೊತೆ ತಿಂಗಳುಗಟ್ಟಲೆ ಇರುವವರ ಸ್ಥಿತಿ ಇನ್ನೂ ಕಷ್ಟ. ಈ ಕಾರಣಗಳು ನಿಜ, ಮತ್ತು ಅವನ್ನು ಆಡಳಿತದ ಮುಂದೆ ಬರಹದಲ್ಲಿ ಇಡುವುದೂ ಹಿರಿಯರನ್ನು ಕಾಪಾಡುವ ಕೆಲಸವೇ. ಆದರೆ ಸಹೋದ್ಯೋಗಿ ಕೈ ಮಾಡಿದ್ದನ್ನು ಕಂಡೂ ಸುಮ್ಮನಿರುವುದಕ್ಕೆ ಅವು ನೆಪವಾಗಬಾರದು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದೂ ವರದಿ ಮಾಡದಿರುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. 2007ರ ಹಿರಿಯರ ಕಾಯ್ದೆಯಲ್ಲಿ ನರ್ಸ್‌ಗಳ ಮೇಲೆ ಅಂಥ ಹೊಣೆಯನ್ನೂ ಹೊರಿಸಿಲ್ಲ, ಹೇಳಲು ಮುಂದಾದ ನರ್ಸ್‌ಗೆ ರಕ್ಷಣೆಯನ್ನೂ ಕೊಟ್ಟಿಲ್ಲ. ಊರಿನ ಪ್ರಭಾವಿಯೊಬ್ಬರ ತಾಯಿಯ ಬಗ್ಗೆ ಬರೆದ ಮರುದಿನ ವರ್ಗಾವಣೆಯ ಭಯ ಇರುವುದು ಸಹಜ. ಆದ್ದರಿಂದ ಒಬ್ಬ ನರ್ಸ್ ಒಂಟಿಯಾಗಿ ಧೈರ್ಯ ಮಾಡಲಿ ಎಂದು ಕಾಯುವುದು ಅನ್ಯಾಯ. ಅನುಮಾನ ಬಂದರೆ ಯಾರಿಗೆ ಹೇಳಬೇಕು, ಯಾವ ಫಾರಂನಲ್ಲಿ ಬರೆಯಬೇಕು, ಉಪವಿಭಾಗಾಧಿಕಾರಿಗೆ ಪತ್ರ ಯಾರ ಸಹಿಯಲ್ಲಿ ಹೋಗಬೇಕು ಎಂಬ ಒಂದು ಪುಟದ ನಿಯಮ ಪ್ರತಿ ಆಸ್ಪತ್ರೆಯಲ್ಲೂ ಬೇಕು. ಪತ್ರ ಹೋಗುವುದು ಸಂಸ್ಥೆಯ ಹೆಸರಿನಲ್ಲಾದರೆ ಸಿಟ್ಟು ಒಬ್ಬ ಸಿಸ್ಟರ್ ಮೇಲೆ ತಿರುಗುವುದಿಲ್ಲ. ಇದನ್ನು ಕೇಳಿ ಪಡೆಯಲು ನರ್ಸ್‌ಗಳ ಸಂಘಗಳಿಗಿಂತ ಸೂಕ್ತವಾದವರಿಲ್ಲ. ಸಂಬಳ, ಬಡ್ತಿ, ಪದನಾಮಕ್ಕಾಗಿ ಅವು ಸಲ್ಲಿಸುವ ಬೇಡಿಕೆಗಳ ಪಟ್ಟಿಯಲ್ಲಿ ಇದೂ ಒಂದಿರಲಿ.

ಜೂನ್ 15 ಹಿರಿಯರ ಮೇಲಿನ ದೌರ್ಜನ್ಯದ ವಿರುದ್ಧ ಅರಿವು ಮೂಡಿಸುವ ವಿಶ್ವ ದಿನ. ಅನೇಕ ಕಡೆ ಅಂದು ಬ್ಯಾನರ್ ಕಟ್ಟಿ, ಭಾಷಣ ಮಾಡಿ, ಹಣ್ಣು ಹಂಚುತ್ತಾರೆ. ಈ ಸಲ ಪ್ರತಿ ಆಸ್ಪತ್ರೆಯ ನರ್ಸಿಂಗ್ ಸೂಪರಿಂಟೆಂಡೆಂಟರು ಅಂದು ಒಂದು ಗಂಟೆ ಬಿಡುವು ಮಾಡಿಕೊಂಡು, ಹಿಂದಿನ ಮೂರು ತಿಂಗಳಲ್ಲಿ 'ಬಿದ್ದು' ದಾಖಲಾದ 60 ದಾಟಿದವರ ಕೇಸ್ ಶೀಟುಗಳನ್ನು ತಮ್ಮ ಸಿಬ್ಬಂದಿಯ ಜೊತೆ ಕೂತು ಓದಲಿ. ಗಾಯ ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ರೋಗಿ ಸ್ವತಃ ಏನು ಹೇಳಿದರು, ಒಬ್ಬರೇ ಇದ್ದಾಗ ಕೇಳಲಾಯಿತೇ ಎಂಬ ನಾಲ್ಕು ವಿವರ ಎಷ್ಟು ಶೀಟುಗಳಲ್ಲಿವೆ ಎಂದು ಎಣಿಸಲಿ. ವಿವರವಿಲ್ಲದ ಶೀಟುಗಳ ಹಿರಿಯರ ಮನೆಗೆ ಆ ವಾರವೇ ಒಬ್ಬ ಆರೋಗ್ಯ ಕಾರ್ಯಕರ್ತೆ ಹೋಗಿಬರುವಂತೆ ಏರ್ಪಾಡು ಮಾಡಲಿ.